ಅಮ್ಮನ ಜೊತೆ ಹಳೆ ಬಸ್ಸಿನ ದಾರಿಯಲ್ಲಿ

ಜೋಗ ನೋಡುವುದಾದರೆ ಮಳೆಗಾಲದಲ್ಲಿ ಹೋಗಬೇಕು. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 830 ಅಡಿ ಮೇಲಿಂದ ಶರಾವತಿ ಬೀಳುವುದನ್ನು ನೋಡಲು ಜುಲೈಯಿಂದ ಸೆಪ್ಟೆಂಬರ್ ತನಕ ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ನಾನು ಅಮ್ಮನನ್ನು ಕರೆದುಕೊಂಡು ಹೋಗಿದ್ದು ಮೇ ತಿಂಗಳ ಕೊನೆಗೆ. ಆಗ ಜೋಗದಲ್ಲಿ ಹೆಸರಿಗೆ ಮಾತ್ರ ನೀರು.

ಅಮ್ಮನಿಗೆ ನೋಡಬೇಕಾಗಿದ್ದು ಬೇರೆ. ಅವಳು ಹುಟ್ಟಿದ ಊರು ಲಿಂಗನಮಕ್ಕಿ ಹಿನ್ನೀರಿನ ಕೆಳಗಿದೆ. 1964ರಲ್ಲಿ ಅಣೆಕಟ್ಟಿನ ಕೆಲಸ ಮುಗಿಯುವಾಗ ಅವಳು ಹತ್ತು ಹನ್ನೊಂದು ವರ್ಷದ ಹುಡುಗಿ. ಸಾಗರ, ಹೊಸನಗರ ಕಡೆ ಯಾರ ಮನೆಯಲ್ಲಾದರೂ 'ಮುಳುಗಡೆಗಿಂತ ಮುಂಚೆ' ಅಂದರೆ ಸಾಕು, ಯಾವ ಕಾಲದ ಮಾತು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಹೋದರೆ ಜೋಗ ಸಿಗುತ್ತದೆ, ಊರಿನ ಗುರುತು ಒಂದೂ ಸಿಗುವುದಿಲ್ಲ. ಬೇಸಿಗೆಯ ಕೊನೆಗೆ ನೀರು ಇಳಿದಾಗ ಹಳೆ ರಸ್ತೆ, ಮೋರಿ, ಒಣಗಿ ನಿಂತ ಮರದ ಬೊಡ್ಡೆ ಎಲ್ಲ ಮೇಲೆ ಬರುತ್ತವೆ, ಆಗ ಜೋಗದಲ್ಲಿ ಬರೀ ಬಂಡೆ. ಎರಡೂ ಒಟ್ಟಿಗೆ ಸಿಗುವ ತಿಂಗಳು ಇಲ್ಲ.

ನನಗೆ ಜೋಗದ ಆಸೆ ಇತ್ತು, ಸುಳ್ಳು ಹೇಳುವುದಿಲ್ಲ. ಅಮ್ಮನನ್ನು ಕೇಳಿದೆ. "ಜೋಗ ಎಲ್ಲಿಗೂ ಹೋಗಲ್ಲ ಮಾರಾಯ್ತಿ, ಮುಂದಿನ ಮಳೆಗಾಲಕ್ಕೂ ಅಲ್ಲೇ ಇರ್ತದೆ. ನನ್ನ ಮಂಡಿ ಇರ್ತದೋ ಇಲ್ವೋ" ಅಂದಳು. ಅಲ್ಲಿಗೆ ತಿಂಗಳು ಗೊತ್ತಾಯಿತು.

ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಮಳೆಗಾಲದಲ್ಲಿ ನಮ್ಮ ಕಡೆಯವರು ಪೇಪರ್ ಬಿಡಿಸಿದ ಕೂಡಲೇ ಹುಡುಕುವುದು ಡ್ಯಾಂ ಮಟ್ಟವನ್ನು. ನಾನು ಆ ವರ್ಷ ಅದನ್ನು ಉಲ್ಟಾ ಮಾಡಿದೆ. ಮಾರ್ಚ್‌ನಿಂದಲೇ ನೀರು ಎಷ್ಟು ಇಳಿಯಿತು ಅಂತ ನೋಡುತ್ತಾ ಬಂದೆ. ಹಿನ್ನೀರಿನ ದಡದಲ್ಲಿರುವ ನೆಂಟರಿಗೆ ಫೋನು ಮಾಡಿ, ಹಳೆ ರಸ್ತೆ ಕಾಣ್ತದಾ ಅಂತ ಕೇಳುತ್ತಿದ್ದೆ. ಕಾಣ್ತದೆ ಅಂದ ವಾರವೇ ರಜೆ ಹಾಕಿದೆ. ಮಳೆ ಎರಡು ಸಲ ಜೋರಾಗಿ ಬಿದ್ದರೆ ಮುಗಿಯಿತು, ಆಮೇಲೆ ಒಂದು ವರ್ಷ ಕಾಯಬೇಕು.

ಇಂಥ ಪ್ರಯಾಣಕ್ಕೆ ಸ್ಥಳಗಳ ಪಟ್ಟಿ ಮಾಡುವುದು ಹೇಗೆ? ಮೊದಲು ನಾನು ಎಲ್ಲರ ಹಾಗೆಯೇ, ಎಲ್ಲಿಗೆ ಹೋಗಬೇಕು ಅಂತ ಕೇಳಿದೆ. "ನೀ ಕರ್ಕೊಂಡು ಹೋದಲ್ಲಿಗೆ" ಅನ್ನುವ ಉತ್ತರ ಬಂತು. ಅಮ್ಮಂದಿರನ್ನು ಹೀಗೆ ಕೇಳಿದರೆ ಇದೇ ಉತ್ತರ. ಇನ್ನೊಂದು ದಿನ ಅಡುಗೆಮನೆಯಲ್ಲಿ ಸುಮ್ನೆ ಕೇಳಿದೆ: ಭದ್ರಾವತಿಯಿಂದ ತುಮರಿಗೆ ಚಿಕ್ಕಮ್ಮನ ಮನೆಗೆ ಹೋಗುವಾಗ ಬಸ್ಸು ಎಲ್ಲೆಲ್ಲಿ ನಿಲ್ತಿತ್ತು? ಅದಕ್ಕೆ ಅವಳು ಕೈಯಲ್ಲಿದ್ದ ಸೌಟು ಕೆಳಗಿಡದೆ ಪೂರ್ತಿ ದಾರಿ ಹೇಳಿದಳು. ಶಿವಮೊಗ್ಗದಲ್ಲಿ ಬಸ್ಸು ಬದಲಾಯಿಸಬೇಕು. ಆಮೇಲೆ ಆಯನೂರು, ಕುಂಸಿ. ಚೋರಡಿಯಲ್ಲಿ ಕುಮುದ್ವತಿ ಸೇತುವೆ, ಅಲ್ಲಿ ನೀನು ವಾಂತಿ ಮಾಡ್ತಿದ್ದೆ, ಪ್ರತಿಸಲ. ಆನಂದಪುರದಲ್ಲಿ ಡ್ರೈವರ್ ಚಹಾ ಕುಡಿಯಲು ಇಳಿಯುತ್ತಿದ್ದ. ಸಾಗರ. ಅಲ್ಲಿಂದ ಹೊಳೆಬಾಗಿಲಿನ ಬಸ್ಸು, ಆಮೇಲೆ ಲಾಂಚು.

ನನ್ನ ಇಡೀ ಪ್ರಯಾಣದ ನಕ್ಷೆ ಅದೇ ಆಯಿತು. ಆಗ ನನಗೆ ಅನ್ನಿಸಿದ್ದು, ಆಮೇಲೆ ದಾರಿಯುದ್ದಕ್ಕೂ ಖಾತ್ರಿಯಾಗುತ್ತಾ ಹೋಗಿದ್ದು ಇಷ್ಟು: ಅಮ್ಮನ ನೆನಪು ಮನೆಯಲ್ಲಿ, ದೇವಸ್ಥಾನದಲ್ಲಿ ಇರಲಿಲ್ಲ. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿತ್ತು. ಅದೂ ಅದೇ ಕ್ರಮದಲ್ಲಿ ಹೋದರೆ ಮಾತ್ರ.

ಹಾಗಾಗಿ ಬೆಂಗಳೂರಿನಿಂದ ಹೊರಟವರು ಬೈಪಾಸ್ ಕಂಡಲ್ಲೆಲ್ಲ ಬಿಟ್ಟೆವು. ಬೆಂಗಳೂರು ಹೊನ್ನಾವರ ರಸ್ತೆಯ ಮೇಲಿರುವ ಊರುಗಳಲ್ಲಿ ಮುಖ್ಯ ಬೀದಿಗೆ ಇವತ್ತಿಗೂ ಬಿ.ಎಚ್. ರೋಡ್ ಅಂತಲೇ ಹೆಸರು. ತುಮಕೂರಿನಲ್ಲೂ ಬಿ.ಎಚ್. ರೋಡ್, ಶಿವಮೊಗ್ಗದಲ್ಲೂ ಬಿ.ಎಚ್. ರೋಡ್. ಮ್ಯಾಪ್ ಹೇಳುವ ದಾರಿಯಲ್ಲಿ ಹೋದರೆ ಊರು ಬದಿಗೆ ಉಳಿಯುತ್ತದೆ. ಊರೊಳಗಿನಿಂದ ಹೋದರೆ ಹೊತ್ತು ಜಾಸ್ತಿ ಬೇಕು, ಟ್ರಾಫಿಕ್ಕು, ಹಂಪು, ಅಡ್ಡ ಬರುವ ದನ ಎಲ್ಲ ಸಹಿಸಬೇಕು. ಆದರೆ ಬಸ್‌ಸ್ಟ್ಯಾಂಡು ಕಾಣುತ್ತದೆ. ನಮ್ಮ ಅಮ್ಮಂದಿರ ಕಾಲದವರಿಗೆ ಊರು ಅಂದರೆ ಬಸ್‌ಸ್ಟ್ಯಾಂಡು ತಾನೆ? ಬಸ್‌ಸ್ಟ್ಯಾಂಡು ಕಂಡರೆ ಒಂದು ಕಥೆ.

ಕಾರಿನ ವಿಷಯ ಒಂದಿಷ್ಟು ಹೇಳಿಬಿಡುತ್ತೇನೆ, ಎಪ್ಪತ್ತರ ಆಸುಪಾಸಿನ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಬೇಕಾಗಬಹುದು. ಸೀಟಿನ ಎತ್ತರ ಎಲ್ಲಕ್ಕಿಂತ ಮುಖ್ಯ. ತೀರಾ ತಗ್ಗಿನ ಕಾರಿನಿಂದ ಏಳುವಾಗ ಮಂಡಿ ಹಿಡಿಯುತ್ತದೆ, ತೀರಾ ಎತ್ತರದ್ದಾದರೆ ಹತ್ತುವಾಗ. ನನ್ನದು ತಗ್ಗಿನ ಕಾರು, ಅದಕ್ಕೆ ತಂಗಿಯ ಕಾರು ಇಸಿದುಕೊಂಡೆ. ಅಮ್ಮ ಮುಂದಿನ ಸೀಟಿನಲ್ಲೇ ಕೂರಬೇಕು. ಹಿಂದೆ ಕೂರಿಸಿದರೆ ಅವಳಿಗೆ ಕಾಣುವುದು ನಮ್ಮ ತಲೆ ಮಾತ್ರ. ಸೊಂಟಕ್ಕೆ ಒಂದು ತೆಳು ದಿಂಬು. ಒಂದೂವರೆ ಗಂಟೆಗೊಮ್ಮೆ ಇಳಿಯಲೇಬೇಕು, ಅವಳು ಬೇಡ ಅಂದರೂ. ಬೇಡ ಅನ್ನುವುದು ಎಷ್ಟೋ ಸಲ ಶೌಚಾಲಯ ಹೇಗಿರುತ್ತದೋ ಅನ್ನುವ ಹೆದರಿಕೆಗೆ. ಆ ಹೆದರಿಕೆಗೆ ನೀರು ಕುಡಿಯುವುದನ್ನೇ ಬಿಡುತ್ತಾರೆ, ಮೇ ತಿಂಗಳಲ್ಲಿ ಅದು ಅಪಾಯ. ಅದಕ್ಕೆ ಎಲ್ಲೆಲ್ಲಿ ನಿಲ್ಲುವುದು ಅಂತ ಮೊದಲೇ ಗುರುತು ಮಾಡಿಕೊಂಡು, ಹೊರಡುವಾಗಲೇ ಅವಳಿಗೂ ಹೇಳಿಬಿಟ್ಟೆ. ರೂಮು ಹಿಡಿಯುವಾಗ ಫೋನಿನಲ್ಲಿ ನಾನು ಕೇಳಿದ್ದು ಎರಡೇ: ನೆಲಮಹಡಿಯ ರೂಮು ಇದೆಯಾ, ವೆಸ್ಟರ್ನ್ ಕಮೋಡ್ ಇದೆಯಾ. ಟಿವಿ, ಎಸಿ, ನೋಟ ಯಾವುದೂ ಲೆಕ್ಕಕ್ಕಿಲ್ಲ.

ಇನ್ನೊಂದು ವಸ್ತು ಒಯ್ದಿದ್ದೆ, ಮಡಚುವ ಕುರ್ಚಿ. ಮನೆಯವರೆಲ್ಲ ನಕ್ಕರು. ನಗಲಿ.

ಫೋಟೋ ಆಲ್ಬಂ ಕೂಡ ಇತ್ತು. ಎಲ್ಲವನ್ನೂ ಸ್ಕ್ಯಾನ್ ಮಾಡಿ ಮೊಬೈಲಿನಲ್ಲಿ ಇಟ್ಟುಕೊಂಡರಾಯಿತು ಅಂತ ಅನ್ನಿಸಬಹುದು. ಅಮ್ಮ ಮೊಬೈಲಿನ ಫೋಟೋವನ್ನು ಒಂದು ಸಲ ನೋಡಿ ಮುಂದಕ್ಕೆ ತಳ್ಳುತ್ತಾಳೆ. ಕಾಗದದ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾಳೆ, ಹಿಂದೆ ತಿರುಗಿಸಿ ನೋಡುತ್ತಾಳೆ, ಅಂಚಿನಲ್ಲಿ ಅರ್ಧ ಕಾಣುವವರು ಯಾರು ಅಂತ ಯೋಚಿಸುತ್ತಾಳೆ. ಪ್ರತಿ ರಾತ್ರಿ ರೂಮಿನಲ್ಲಿ ಅವಳು ಹೇಳಿದ ಹೆಸರುಗಳನ್ನು ಪೆನ್ಸಿಲ್ಲಿನಲ್ಲಿ ಫೋಟೋದ ಹಿಂದೆ ಮೆಲ್ಲಗೆ ಬರೆದೆ. ಪೆನ್ನಿನಲ್ಲಿ ಒತ್ತಿ ಬರೆದರೆ ಅಚ್ಚು ಮುಂದಕ್ಕೆ ಮೂಡುತ್ತದೆ.

ಮಾತು ರೆಕಾರ್ಡ್ ಮಾಡಿಕೊಳ್ಳುವ ಬಗ್ಗೆ ಬಹಳ ಜನ ಕೇಳುತ್ತಾರೆ. ಹೊರಡುವ ಮೊದಲೇ ಅಮ್ಮನ ಒಪ್ಪಿಗೆ ಕೇಳಿದ್ದೆ. "ನಾನೇನು ದೊಡ್ಡ ಮನುಷ್ಯಳಾ" ಅಂತ ನಕ್ಕು ಹೂಂ ಅಂದಳು. ಆದರೆ ಮೊಬೈಲನ್ನು ಎದುರಿಗೆ ಹಿಡಿದರೆ ಅವಳ ಭಾಷೆಯೇ ಬದಲಾಗುತ್ತದೆ, ರೇಡಿಯೋ ವಾರ್ತೆ ಓದುವವರ ಹಾಗೆ ಮಾತಾಡುತ್ತಾಳೆ. ಅದಕ್ಕೆ ಗೇರಿನ ಹತ್ತಿರ ಲೋಟ ಇಡುವ ಜಾಗದಲ್ಲಿ ಬೋರಲಾಗಿ ಇಟ್ಟೆ. ಕಿಟಕಿ ಇಳಿಸಿದರೆ ಗಾಳಿಯ ಸದ್ದೇ ತುಂಬಿಕೊಳ್ಳುತ್ತದೆ, ಅಮ್ಮನಿಗೆ ಎಸಿ ಆಗುವುದಿಲ್ಲ. ಹೀಗಾಗಿ ನನ್ನ ಹತ್ತಿರ ಇರುವ ರೆಕಾರ್ಡಿಂಗುಗಳಲ್ಲಿ ಅರ್ಧಕ್ಕರ್ಧ ಗಾಳಿ. ಸಂಜೆ ನಿಂತ ಮೇಲೆ ನೆನಪಿಗೆ ಬಂದದ್ದನ್ನು ಬರೆದುಕೊಂಡದ್ದೇ ಹೆಚ್ಚು ಉಪಯೋಗಕ್ಕೆ ಬಂತು. ಕಾರಿನಲ್ಲಿ ಅಕ್ಕಪಕ್ಕ ಕೂತು ಇಬ್ಬರೂ ಮುಂದಿನ ರಸ್ತೆ ನೋಡುತ್ತಿರುತ್ತೇವಲ್ಲ, ಮುಖ ನೋಡಿ ಹೇಳಲಾಗದ ಮಾತು ಆಗ ಬರುತ್ತದೆ. ನಾನು ಪ್ರಶ್ನೆ ಕಡಿಮೆ ಮಾಡಿದಷ್ಟೂ ಜಾಸ್ತಿ ಬಂತು.

ಮೊದಲ ನಿಲುಗಡೆ ಭದ್ರಾವತಿಯ ಪೇಪರ್ ಟೌನ್. ಅಪ್ಪ ಅಲ್ಲಿ ಕಾಗದ ಕಾರ್ಖಾನೆಯಲ್ಲಿದ್ದರು, ನಾನು ಹುಟ್ಟಿ ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ. 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಶುರುವಾದ ಕಾರ್ಖಾನೆ ಅದು, ಉತ್ಪಾದನೆ ನಿಂತು ವರ್ಷಗಳಾದವು. ಕಾರಿನಿಂದ ಇಳಿದ ಅಮ್ಮ ಮೂಗು ಎತ್ತಿ ನೋಡಿದಳು. "ವಾಸನೆಯೇ ಇಲ್ಲ" ಅಂದಳು. ಪಲ್ಪ್ ಬೇಯಿಸುವ ಆ ವಾಸನೆ, ಹೊಸದಾಗಿ ಬಂದ ನೆಂಟರು ಸೆರಗು ಮುಚ್ಚಿಕೊಳ್ಳುತ್ತಿದ್ದರು, ನಮಗೆ ಅದು ಇದ್ದದ್ದೇ ಗೊತ್ತಿರಲಿಲ್ಲ.

ನಮ್ಮ ಮನೆಯ ಎದುರು ನಿಲ್ಲಿಸಿದೆ. ಇಲ್ಲಿ ಬಹಳ ಹೊತ್ತು ಬೇಕಾಗಬಹುದು ಅಂದುಕೊಂಡು ಅರ್ಧ ದಿನ ಇಟ್ಟುಕೊಂಡಿದ್ದೆ. ಅಮ್ಮ ಕಾಂಪೌಂಡಿನ ಹೊರಗೆ ನಿಂತು ನೋಡಿದಳು, ಹೂಂ ಅಂದಳು, ಅಷ್ಟೆ. ಇಷ್ಟು ವರ್ಷ ಬಾಳಿದ ಮನೆಗೆ ಒಂದು ಹೂಂ. ನನಗೆ ಸ್ವಲ್ಪ ಬೇಜಾರೇ ಆಯಿತು. ಸರಿ, ಇಲ್ಲಿಂದ ಸಂತೆಗೆ ಯಾವ ಕಡೆಯಿಂದ ನಡೀತಿದ್ದೆ ಅಂತ ಕೇಳಿದೆ. ಅವಳು ಮಾತಾಡದೆ ಹೊರಟೇಬಿಟ್ಟಳು. ನಾನು ಕಾರು ಬೀಗ ಹಾಕಿ ಹಿಂದೆ ಓಡಿದೆ. ಎರಡನೇ ತಿರುವಿನಲ್ಲಿ ಶುರುವಾಯಿತು. ಇಲ್ಲಿ ಒಬ್ಬ ಸೊಪ್ಪಿನವಳು ಕೂರುತ್ತಿದ್ದಳು, ಗಂಡ ಕುಡಿದು ಹೊಡೀತಿದ್ದ, ಒಂದು ದಿನ ಅವಳು ನಮ್ಮನೆಯ ಜಗುಲಿಯಲ್ಲಿ ಮಲಗಿದ್ದಳು, ನಿಮ್ಮಪ್ಪ ನೈಟ್ ಶಿಫ್ಟ್ ಮುಗಿಸಿ ಬಂದವರು ಅವಳನ್ನು ತುಳಿದೇಬಿಡುತ್ತಿದ್ದರು. ಈ ಕಥೆ ನನಗೆ ಗೊತ್ತೇ ಇರಲಿಲ್ಲ. ಇಲ್ಲೇ ನಿನ್ನನ್ನು ಜ್ವರದಲ್ಲಿ ಹೊತ್ತುಕೊಂಡು ಆಸ್ಪತ್ರೆಗೆ ಓಡಿದ್ದು, ಒಂದು ಚಪ್ಪಲಿ ಬಿದ್ದುಹೋಯಿತು, ಮಾರನೇ ದಿನ ಹುಡುಕಿದರೆ ಅದೇ ಜಾಗದಲ್ಲಿತ್ತು. ನೂರು ಮೀಟರಿಗೆ ಒಂದು ಕಥೆ. ಮನೆ ಎದುರು ಬಾಯಿಬಿಡದವಳು ಅವಳೇನಾ ಅನ್ನಿಸಿತು. ಮಂಡಿ ನೋವು ಅಂತ ಒಂದು ಸಲವೂ ಹೇಳಲಿಲ್ಲ, ರಾತ್ರಿ ಹೇಳಿದಳು.

ಅಂದಿನಿಂದ ನಾನು ಯಾವ ಜಾಗಕ್ಕೂ ನೇರವಾಗಿ ಕಾರು ಒಯ್ಯಲಿಲ್ಲ. ಮಂಡಿಗೆ ಆಗುವಷ್ಟು ದೂರದಲ್ಲಿ ನಿಲ್ಲಿಸಿ, ಅವಳು ಆಗ ಯಾವ ಕಡೆಯಿಂದ ಬರುತ್ತಿದ್ದಳೋ ಆ ಕಡೆಯಿಂದ ನಡೆಸಿದೆ. ಬೇರೇನೂ ನೆನಪಿಟ್ಟುಕೊಳ್ಳದಿದ್ದರೂ ಇದೊಂದನ್ನು ಮಾಡಿ ನೋಡಿ.

ಶಿವಮೊಗ್ಗದಿಂದ ಸಾಗರಕ್ಕೆ 72 ಕಿಲೋಮೀಟರ್. ಈಗ ಹೆಚ್ಚೆಂದರೆ ಒಂದೂವರೆ ಗಂಟೆ, ನಾವು ಮಧ್ಯಾಹ್ನ ಕಳೆದೆವು. ಚೋರಡಿ ಸೇತುವೆಯ ಮೇಲೆ ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಈಗ ಬರಲ್ಲಮ್ಮ ವಾಂತಿ, ನಾನೇ ಓಡಿಸ್ತಿದ್ದೀನಿ ಅಂದೆ. ಆನಂದಪುರದ ಹತ್ತಿರ ಮಲಂದೂರಿನ ಚಂಪಕ ಸರಸ್ಸಿಗೆ ಇಳಿದೆವು. ಸುತ್ತ ಕಲ್ಲಿನ ಮೆಟ್ಟಿಲು, ನೀರಿನ ನಡುವೆ ಪುಟ್ಟ ಗುಡಿ. ಕೆಳದಿಯ ವೆಂಕಟಪ್ಪ ನಾಯಕ ಚಂಪಕಾ ಅನ್ನುವವಳ ನೆನಪಿಗೆ ಕಟ್ಟಿಸಿದ ಅಂತ ಕಥೆ. ಎಷ್ಟೋ ವರ್ಷ ಈ ದಾರಿಯಲ್ಲಿ ಓಡಾಡಿದ ಅಮ್ಮ ಇದನ್ನು ನೋಡಿಯೇ ಇರಲಿಲ್ಲ, ಯಾಕೆಂದರೆ ಬಸ್ಸು ಇಲ್ಲಿ ನಿಲ್ಲುತ್ತಿರಲಿಲ್ಲ. ಚೆನ್ನಾಗಿದೆ ಅಂದಳು. ಫೋಟೋ ತೆಗೆಸಿಕೊಂಡಳು. ಪ್ರವಾಸ ಅಂದಮೇಲೆ ಇಂಥದ್ದೂ ಬೇಕು. ಬರೀ ಹಳೆಯದನ್ನೇ ಕೆದಕುತ್ತಾ ಹೋದರೆ ಇಬ್ಬರಿಗೂ ಸುಸ್ತಾಗುತ್ತದೆ, ಹಾಗಾಗಿ ದಿನಕ್ಕೆ ಒಂದಾದರೂ ಇಬ್ಬರಿಗೂ ಹೊಸದಾದ ಜಾಗ ಇರಲಿ ಅಂತ ನೋಡಿಕೊಂಡಿದ್ದೆ.

ಇಕ್ಕೇರಿಯನ್ನೂ ಆ ಲೆಕ್ಕಕ್ಕೇ ಹಾಕಿದ್ದೆ. ಸಾಗರದಿಂದ 6 ಕಿಲೋಮೀಟರ್, ಅಘೋರೇಶ್ವರ ದೇವಸ್ಥಾನ, ಎದುರಿಗೆ ಮಂಟಪದೊಳಗೆ ದೊಡ್ಡ ನಂದಿ. ಕೆಳದಿ ಅರಸರು ಇಲ್ಲಿಂದ ಆಳಿದವರು. ಗುಡಿಯ ಒಳಗೆ ನೆಲದ ಮೇಲೆ ನಮಸ್ಕರಿಸುತ್ತಿರುವ ಮೂವರು ಅರಸರ ಚಿತ್ರ ಕೊರೆದಿದ್ದಾರೆ, ಒಬ್ಬನ ಕೈಕಾಲಿಗೆ ಬೇಡಿ. ಹುಚ್ಚ ಸೋಮಶೇಖರ ಅಂತ ಅವನ ಹೆಸರು. ನಾನು ಅದನ್ನೇ ತೋರಿಸುತ್ತಿದ್ದೆ. ಆಮೇಲೆ ಓದಿದ್ದು ನೆನಪಾಗಿ ಇನ್ನೊಂದು ಮಾತು ಹೇಳಿದೆ. ಈ ದೇವಸ್ಥಾನದ ನಡುವಿನ ಕಂಬಗಳ ಅಂತರ ಇದೆಯಲ್ಲ, ಒಂದು ಕಾಲದಲ್ಲಿ ಅದೇ ಅಡಿಕೆ ತೋಟ ಅಳೆಯುವ ಅಳತೆಯಾಗಿತ್ತಂತೆ, 18 ಅಡಿ 6 ಅಂಗುಲ, ಅಷ್ಟುದ್ದದ ಗಳ ಮಾಡಿಕೊಳ್ಳುತ್ತಿದ್ದರಂತೆ.

ಅಮ್ಮ ಅಲ್ಲೇ ನಿಂತಳು. ಅಜ್ಜ ಹೊಸ ತೋಟಕ್ಕೆ ಗುಂಡಿ ಹಾಕಿಸುವಾಗ ಉದ್ದನೆಯ ಬಿದಿರು ಗಳ ಹಿಡಿದು ಮುಂದೆ ಹೋಗುತ್ತಿದ್ದರಂತೆ, ಇವಳು ಹಿಂದೆ ಗೂಟ ಹಿಡಿದುಕೊಂಡು. ಆ ಗಳ ಯಾವ ಅಳತೆಯದೋ ಅವಳಿಗೆ ಗೊತ್ತಿಲ್ಲ, ನನಗಂತೂ ಗೊತ್ತಿರುವ ಮಾತಲ್ಲ. ಆದರೆ ಅವಳು ಕಂಬದಿಂದ ಕಂಬಕ್ಕೆ ಹೆಜ್ಜೆ ಹಾಕಿದಳು. ಹೊರಗೆ ಬಂದು ನಂದಿಯ ಮಂಟಪದ ತನಕ ನಡೆದಳು. ಅಲ್ಲಿಂದ ರಸ್ತೆ ಕಡೆ ಕೈ ತೋರಿಸಿ, "ನಮ್ಮ ತೋಟ ಇಲ್ಲಿಂದ ಶುರುವಾದ್ರೆ ಆ ಮಾವಿನ ಮರದ ಹತ್ರಕ್ಕೆ ಮುಗೀತಿತ್ತು. ಅಗಲ ಇಷ್ಟು. ಆಮೇಲೆ ಕಾದಿಗೆ, ಕಾದಿಗೆ ದಾಟಿದ್ರೆ ಗದ್ದೆ" ಅಂದಳು. ಕಾದಿಗೆ ಅಂದರೆ ತೋಟದ ನೀರು ಹರಿದುಹೋಗಲು ತೋಡಿದ ಕಾಲುವೆ. ನೀರಿನಡಿಯಲ್ಲಿ ಹೋದ ತೋಟ ಎಷ್ಟು ದೊಡ್ಡದಿತ್ತು ಅಂತ ನಾನು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೆ. ಎಕರೆ ಲೆಕ್ಕದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಮದುವೆ ಮನೆಯಲ್ಲಿ ಹೇಳುವಾಗ ಅದು ಇನ್ನಷ್ಟು ಬೆಳೆಯುತ್ತದೆ. ದೇವಸ್ಥಾನದ ಅಂಗಳದಲ್ಲಿ ಅದು ಮೊದಲ ಸಲ ಕಣ್ಣಿಗೆ ಕಾಣುವಷ್ಟಾಯಿತು. ಅಷ್ಟೇನೂ ದೊಡ್ಡದಲ್ಲ. ಒಂದು ಸಂಸಾರಕ್ಕೆ ಸಾಕಾಗುವಷ್ಟು.

ಕೆಳದಿಗೂ ಹೋದೆವು. ರಾಮೇಶ್ವರ ಗುಡಿಯ ಗಂಡಭೇರುಂಡ ನೋಡಲೇಬೇಕಾದದ್ದು, ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳಿವೆ. ಅಮ್ಮ ಹೊರಗೆ ನೆರಳಲ್ಲಿ ಕೂತಳು, ನಾನೊಬ್ಬಳೇ ನೋಡಿಕೊಂಡು ಬಂದೆ.

ಈಗ ಹಿನ್ನೀರು. ನಾವು ಹೋದಾಗ ಹೊಳೆಬಾಗಿಲಿನಲ್ಲಿ ಸೇತುವೆಯ ಕೆಲಸ ಇನ್ನೂ ನಡೆಯುತ್ತಿತ್ತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಲಾಂಚಿನಲ್ಲೇ ದಾಟಬೇಕು, ಕಾರನ್ನೂ ಅದರ ಮೇಲೇ ಏರಿಸಬೇಕು. ಆಚೆ ದಡದಲ್ಲಿ ಸಿಗಂದೂರು, ತುಮರಿ. ಕರೂರು, ಬಾರಂಗಿ ಹೋಬಳಿಯವರಿಗೆ ಸಾಗರ ಅಂದರೆ ಲಾಂಚು, ಸಂಜೆ ಲಾಂಚು ನಿಂತರೆ ಸುತ್ತುದಾರಿ. ರಾತ್ರಿ ಹೆರಿಗೆ ನೋವು ಬಂದರೆ ಏನು ಮಾಡುತ್ತಿದ್ದರು ಅನ್ನುವುದರ ಮೇಲೆ ಅಮ್ಮನ ಹತ್ತಿರ ಕಥೆಗಳಿವೆ, ಎಲ್ಲವೂ ಒಳ್ಳೆಯದಾಗಿ ಮುಗಿಯುವುದಿಲ್ಲ. ಈಗ ಆ ಕಷ್ಟ ಇಲ್ಲ. 2025ರ ಜುಲೈಯಲ್ಲಿ 2.44 ಕಿಲೋಮೀಟರ್ ಉದ್ದದ ಕೇಬಲ್ ಸೇತುವೆ ತೆರೆಯಿತು. ಅದನ್ನು ಟಿವಿಯಲ್ಲಿ ನೋಡಿದ ಅಮ್ಮ, "ಡ್ಯಾಂ ಕಟ್ಟಿದ್ದು ಬೇಗ ಆಯ್ತು, ಸೇತುವೆಗೆ ಅರವತ್ತು ವರ್ಷ ಬೇಕಾಯ್ತು ನೋಡು" ಅಂದಳು. ಹೋಗುವವರಿಗೆ ಈಗ ಅನುಕೂಲ. ಆದರೆ ನೀರಿನ ಮಟ್ಟದಲ್ಲಿ ನಿಂತು ನಿಧಾನಕ್ಕೆ ದಾಟುವಾಗ ಕಾಣುತ್ತಿದ್ದದ್ದು ಮೇಲಿನಿಂದ ಕಾರಿನಲ್ಲಿ ಓಡಿದರೆ ಕಾಣುವುದಿಲ್ಲ. ಲಾಂಚಿನಲ್ಲಿ ಅಮ್ಮ ಕಾರಿನಿಂದ ಇಳಿದು ಕಂಬಿ ಹಿಡಿದು ನಿಂತಿದ್ದಳು. ದಡದ ಗುಡ್ಡಗಳಿಗೆಲ್ಲ ಮುಂಚಿನ ಹೆಸರು ಹೇಳುತ್ತಾ ಹೋದಳು. ಕಾಡಿನ ದ್ವೀಪ ಅಂತ ನಾನು ಅಂದುಕೊಂಡದ್ದೆಲ್ಲ ಗುಡ್ಡದ ತಲೆ. ಪಕ್ಕದಲ್ಲಿದ್ದ ಒಬ್ಬ ಹಿರಿಯರು, ನೀವು ಮುಳುಗಡೆಯವರಾ ಅಂತ ಕೇಳಿದರು. ಆಮೇಲೆ ಇಬ್ಬರೂ ದಡ ಬರುವ ತನಕ ನಿಲ್ಲಿಸಲಿಲ್ಲ. ಅವರ ಮನೆಯವರನ್ನೂ ಲಾರಿಯಲ್ಲಿ ಹತ್ತಿಸಿ ಶಿವಮೊಗ್ಗದ ಕಡೆ ಕಾಡಿನಲ್ಲಿ ಇಳಿಸಿದ್ದಂತೆ. ಆ ಜಾಗದ ಹಕ್ಕುಪತ್ರದ ತಕರಾರು ಇಂದಿಗೂ ಎಷ್ಟೋ ಮನೆಗಳಿಗೆ ಮುಗಿದಿಲ್ಲ.

ತುಮರಿಯಲ್ಲಿ ಚಿಕ್ಕಮ್ಮನ ಮಗನ ಮನೆಯಲ್ಲಿ ಉಳಿದೆವು. ಅಲ್ಲಿ ನಮ್ಮ ಪ್ರಯಾಣಕ್ಕೆ ಅಂತ ಬರೆಯುವಂಥದ್ದು ಹೆಚ್ಚಿಲ್ಲ, ಊಟ ಮಾಡಿ ಮಲಗಿದೆವು, ಚಿಕ್ಕಮ್ಮನ ಫೋಟೋಕ್ಕೆ ಅಮ್ಮ ಹೂವು ಮುಡಿಸಿದಳು.

ಮುಳುಗಿದ ಊರಿನ ದಿಕ್ಕು ಹಿಡಿಯಲು ನಾವು ಆರಿಸಿಕೊಂಡದ್ದು ಹಿರೇಭಾಸ್ಕರ ಅಣೆಕಟ್ಟು. ಮಡೆನೂರು ಡ್ಯಾಂ ಅಂದರೆ ಬೇಗ ಗೊತ್ತಾಗುತ್ತದೆ. ಲಿಂಗನಮಕ್ಕಿಗಿಂತ ಮೊದಲು ಶರಾವತಿಗೆ ಕಟ್ಟಿದ್ದ ಅಣೆಕಟ್ಟು ಇದು. 1948ರಲ್ಲಿ ಶುರುವಾದ ಜೋಗದ ಮೊದಲ ವಿದ್ಯುದಾಗಾರಕ್ಕೆ, ಅಂದರೆ ಈಗ ಮಹಾತ್ಮ ಗಾಂಧಿ ಹೆಸರಿನಲ್ಲಿರುವುದಕ್ಕೆ, ನೀರು ಕೊಡಲು ಕಟ್ಟಿದ್ದು. ಹದಿನಾರು ವರ್ಷಕ್ಕೆ ಹೊಸ ಅಣೆಕಟ್ಟು ಬಂದು ಹಳೆಯದನ್ನೂ ಮುಳುಗಿಸಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಮಾತ್ರ ಎದ್ದು ಕಾಣುತ್ತದೆ. ಅಷ್ಟು ವರ್ಷ ನೀರಿನಲ್ಲಿದ್ದರೂ ಕಲ್ಲು ಅಲುಗಿಲ್ಲ. ಹೆಚ್ಚಾದ ನೀರು ತಾನಾಗಿ ಹೊರಹೋಗಲು ಎಂಜಿನಿಯರ್ ಗಣೇಶ್ ಅಯ್ಯರ್ ವಿನ್ಯಾಸದ ಸೈಫನ್ನುಗಳಿವೆ. ಗೇಟು ಎತ್ತುವುದು ಇಳಿಸುವುದು ಇಲ್ಲ. ನೀರು ಒಂದು ಮಟ್ಟ ದಾಟಿದರೆ ಸೈಫನ್ ತಾನೇ ಎಳೆದುಕೊಳ್ಳಲು ಶುರುಮಾಡುತ್ತದೆ, ಮಟ್ಟ ಇಳಿದರೆ ತಾನೇ ನಿಲ್ಲುತ್ತದೆ. ಅಮ್ಮನ ಊರು ಇದರ ಕೆಳಗಡೆ, ಹೊಳೆ ಹರಿಯುವ ಕಡೆಗಿತ್ತು. ಮಳೆಗಾಲದ ರಾತ್ರಿ ಸೈಫನ್ ಹಿಡಿದರೆ ಸದ್ದು ಮನೆ ತನಕ ಬರುತ್ತಿತ್ತಂತೆ. ಭೋರ್ ಅಂದ ಕೂಡಲೇ ಅಜ್ಜಿ ಕೊಟ್ಟಿಗೆಯ ದನ ಮೇಲೆ ಕಟ್ಟಲು ಏಳುತ್ತಿದ್ದರಂತೆ.

ಅಲ್ಲಿಗೆ ಹೋಗುವುದು ಸುಲಭದ ಕೆಲಸವಲ್ಲ. ಒಣಗಿದ ಹಿನ್ನೀರಿನ ಮೇಲೆ ಹೋಗಬೇಕು, ನಮ್ಮ ಕಾರು ನಡೆಯುವ ಜಾಗ ಅಲ್ಲ. ಮೇಲೆ ಬಿರುಕುಬಿಟ್ಟ ಗಟ್ಟಿ ಮಣ್ಣು ಅನ್ನಿಸುತ್ತದೆ, ಒಳಗೆ ಕೆಸರು. ಊರಿನವರೊಬ್ಬರ ಜೀಪು ಗೊತ್ತುಮಾಡಿಕೊಂಡೆವು. ಸ್ಥಳೀಯರು ಜೊತೆಗಿಲ್ಲದೆ ಇಲ್ಲಿಗೆ ಹೋಗಬೇಡಿ. ಆ ವರ್ಷ ಅಲ್ಲಿಗೆ ಬಿಡುತ್ತಾರೋ ಇಲ್ಲವೋ ಅನ್ನುವುದನ್ನೂ ಮೊದಲೇ ವಿಚಾರಿಸಿ. ಬೆಳಗಿನ ಜಾವವೇ ಹೊರಟೆವು, ನೆರಳು ಅನ್ನುವುದು ಒಂದು ಗೇಣೂ ಇಲ್ಲ. ಕೊಡೆ, ನೀರು, ಉಪ್ಪುಸಕ್ಕರೆ ಹಾಕಿದ ನಿಂಬೆ ಪಾನಕ, ಮಾತ್ರೆಯ ಡಬ್ಬಿ, ಕುರ್ಚಿ. ಜೀಪಿನ ಕುಲುಕಾಟಕ್ಕೆ ಅಮ್ಮನ ಸೊಂಟಕ್ಕೆ ಸೀರೆಯ ಮೇಲೇ ಬೆಲ್ಟು ಕಟ್ಟಿಸಿದ್ದೆ.

ಅಣೆಕಟ್ಟಿನ ಗೋಡೆ ಕಂಡಾಗ ನಾನು ಮೊಬೈಲು ತೆಗೆದೆ. ಅಮ್ಮ ಅದನ್ನು ಹೆಚ್ಚು ನೋಡಲೇ ಇಲ್ಲ. ಅವಳ ಕಣ್ಣು ನೆಲದ ಮೇಲಿತ್ತು. ಜೀಪು ನಿಲ್ಲಿಸಲು ಹೇಳಿದಳು. ಮಣ್ಣಿನಲ್ಲಿ ಒಂದು ಸಾಲು ಕಲ್ಲು ಕಾಣುತ್ತಿತ್ತು, ಹಳೆ ರಸ್ತೆಯ ಅಂಚು. ಇಳಿದಳು. ಅಲ್ಲೊಂದು ಮೋರಿ. ಸ್ವಲ್ಪ ಮುಂದೆ ಇನ್ನೊಂದು. ಅವಳು ನಡೆಯುವುದು, ನಾನು ಕುರ್ಚಿ ಹಿಡಿದು ಹಿಂದೆ ಹೋಗುವುದು, ಸಾಕು ಅಂದಾಗ ಕುರ್ಚಿ ಬಿಡಿಸುವುದು. ನಕ್ಕವರೆಲ್ಲ ಆಗ ಅಲ್ಲಿರಬೇಕಿತ್ತು. "ಶಾಲೆಯಿಂದ ಬರುವಾಗ ಮೂರು ಮೋರಿ ದಾಟಬೇಕು. ಮೂರನೇದು ದಾಟಿ ಎಡಕ್ಕೆ ಇಳಿದ್ರೆ ನಮ್ಮ ದಣಪೆ" ಅಂದಳು. ದಣಪೆ ಅಂದರೆ ತೋಟದ ಬೇಲಿಗೆ ಅಡ್ಡಗಳ ಹಾಕಿ ಮಾಡಿದ ಬಾಗಿಲು, ಪೇಟೆಯ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ.

ಎರಡನೇ ಮೋರಿಯ ಮುಂದೆ ರಸ್ತೆ ನೀರಿಗೆ ಇಳಿಯುತ್ತಿತ್ತು. ಊರು ಇನ್ನೂ ತಗ್ಗಿನಲ್ಲಿ. ಎಷ್ಟೇ ಬೇಸಿಗೆಯಾದರೂ ಆ ಜಾಗ ಪೂರ್ತಿ ಬಿಡುವುದು ಕಷ್ಟ ಅಂತ ಜೀಪಿನವರು ಹೇಳಿದರು. ನನಗೆ ಅಮ್ಮ ಅಳಬಹುದು ಅಂತ ಹೆದರಿಕೆ ಇತ್ತು. ಅವಳು ಕುರ್ಚಿಯಲ್ಲಿ ಕೂತು ಬೆರಳು ತೋರಿಸಿ ಲೆಕ್ಕ ಹಾಕಿದಳು. ಅದು ಮೂರನೇ ಮೋರಿ ಇರಬೇಕಾದ ಜಾಗ. ಅಲ್ಲಿಂದ ಎಡಕ್ಕೆ. ಆಮೇಲೆ ನೀರಿನಲ್ಲಿ ಕೊಕ್ಕರೆಗಳಿರುವ ಆ ಕಡೆ ಮನೆ. ದಿಕ್ಕು ಖಾತ್ರಿಯಾಯಿತು ಅನ್ನಿಸಿದ ಮೇಲೆ ಪಾನಕ ಕುಡಿದಳು. ಶಾಲೆಯಿಂದ ಬರುವಾಗ ಎರಡನೇ ಮೋರಿಯೊಳಗೆ ಅಡಗಿ ಕೂತು ಅಣ್ಣನನ್ನು ಹೆದರಿಸಿದ್ದು, ಅವನು ಪಾಟಿಚೀಲ ಬಿಸಾಕಿ ಓಡಿದ್ದು ಹೇಳಿ ಚೆನ್ನಾಗಿ ನಕ್ಕಳು. ಬಿಸಿಲು ಏರುತ್ತಿತ್ತು. ಹೊರಡುವ ಅಂತ ಅವಳೇ ಎದ್ದಳು.

ಜೋಗವನ್ನು ವಾಪಸ್ಸು ಬರುವ ದಿನ ನೋಡಿದೆವು. ಕೆಳಗೆ ಇಳಿಯುವ ಮೆಟ್ಟಿಲು ಸಾವಿರಕ್ಕೂ ಹೆಚ್ಚು, ಆ ಮಾತೇ ಎತ್ತಲಿಲ್ಲ. ಮೇಲೆ ಕಟಾಂಜನದ ಹತ್ತಿರ ನಿಂತು, ಬಂಡೆಯ ಮೇಲಿನ ಕಲೆ ನೋಡಿ ಅಮ್ಮ ಹೇಳಿದಳು: ರಾಜ, ರೋರರ್, ರಾಕೆಟ್, ರಾಣಿ. ನೀರಿಲ್ಲದ ಜೋಗಕ್ಕೂ ಜನ ಬಂದಿದ್ದರು. ಅವರು ಬೈದುಕೊಳ್ಳುತ್ತಿದ್ದರು. ಅಮ್ಮ ಮಾತ್ರ ಮದುವೆಯಾದ ಹೊಸದರಲ್ಲಿ ಅಪ್ಪನ ಜೊತೆ ತಾಳಗುಪ್ಪದ ತನಕ ರೈಲಿನಲ್ಲಿ ಬಂದು, ಅಲ್ಲಿ ಬಸ್ಸು ಸಿಗದೆ ಮಧ್ಯಾಹ್ನವೆಲ್ಲ ಸ್ಟೇಷನ್ನಿನಲ್ಲೇ ಕೂತು, ಜೋಗ ನೋಡದೆ ತಿರುಗಿಹೋದದ್ದನ್ನು ಹೇಳಿದಳು. ಕೇಳಿದವರಿಗೆಲ್ಲ ಅಪ್ಪ ಜೋಗ ನೋಡಿ ಬಂದೆವು ಅಂತಲೇ ಹೇಳಿದ್ದರಂತೆ. ಈ ಸುಳ್ಳನ್ನು ಅವಳು ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದಳು.

ಮನೆಗೆ ಬಂದ ಮೇಲೆ ಬರೆದುಕೊಂಡದ್ದನ್ನೆಲ್ಲ ಟೈಪ್ ಮಾಡಿ, ಕೈಯಲ್ಲಿ ಬಿಡಿಸಿದ ಒಂದು ದಾರಿಯ ನಕ್ಷೆ ಸೇರಿಸಿ ಮನೆಯವರಿಗೆಲ್ಲ ಕಳಿಸಿದೆ. ಇದನ್ನು ತಡಮಾಡಬಾರದು, ಒಂದೆರಡು ವಾರದಲ್ಲೇ ಊರಿನ ಹೆಸರುಗಳು ಒಂದಕ್ಕೊಂದು ಕಲಸಿಕೊಳ್ಳುತ್ತವೆ. ಮಾರನೇ ದಿನವೇ ಮಾವನ ಫೋನು. ಅಮ್ಮನಿಗಿಂತ ಐದು ವರ್ಷಕ್ಕೆ ದೊಡ್ಡವರು. ಮೋರಿಯಲ್ಲಿ ಅಡಗಿದ್ದು ತಾವು, ಪಾಟಿಚೀಲ ಬಿಸಾಕಿ ಓಡಿದ್ದು ಅಮ್ಮ ಅಂದರು. ಅದೂ ಅಲ್ಲದೆ ದಣಪೆ ಇದ್ದದ್ದು ಎಡಕ್ಕಲ್ಲ, ಬಲಕ್ಕೆ. ಅಮ್ಮ ಫೋನು ಕಸಿದುಕೊಂಡಳು. ಶಾಲೆಯಿಂದ ಬರುವಾಗ ಎಡಕ್ಕೆ, ಶಾಲೆಗೆ ಹೋಗುವಾಗ ಬಲಕ್ಕೆ, ನಿನಗೆ ಆಗಲೂ ಲೆಕ್ಕ ಬರ್ತಿರಲಿಲ್ಲ ಅಂದಳು. ಮಾವ ಒಪ್ಪಲಿಲ್ಲ. ನೀರು ಇಳಿದ ವರ್ಷ ನನ್ನನ್ನೂ ಕರ್ಕೊಂಡು ಹೋಗು, ತೋರಿಸ್ತೇನೆ ಅಂತ ನನಗೆ ಹೇಳಿದ್ದಾರೆ. ಈ ಮಾರ್ಚ್‌ನಿಂದ ಮತ್ತೆ ಮಟ್ಟ ನೋಡುತ್ತಿದ್ದೇನೆ. ಮಾವನಿಗೂ ಮಂಡಿ ನೋವು, ಮುಂದಿನ ಸೀಟೇ ಬೇಕಂತೆ. ಅಮ್ಮ ಬಿಟ್ಟುಕೊಡುವುದಿಲ್ಲ ಅಂತ ಕೂತಿದ್ದಾಳೆ.